ಹಲ್ಲಿನ ಮೂಲದ ದೀರ್ಘಕಾಲೀನ ಸೈನಸ್ ಉರಿಯೂತ ಮತ್ತು ಶಿಲೀಂಧ್ರ ಸೋಂಕು: ಅಂಗಾಂಶದಲ್ಲಾಗುವ ಬದಲಾವಣೆಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಕರೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳು, ಕುರುಗೋಡು ತಾಲ್ಲೂಕು ಮತ್ತು ಬಳ್ಳಾರಿ ನಗರದ ಸಾರ್ವಜನಿಕರ ಪೈಕಿ ಸೈನಸ್ ಕಾಯಿಲೆಗೆ ಶಸ್ತ್ರಚಿಕಿತ್ಸೆ ಪಡೆಯುವವರು ಮತ್ತು ಸರ್ಕಾರದ ಆರೋಗ್ಯ ಯೋಜನೆಗಳಡಿ ಚಿಕಿತ್ಸೆ ಕೋರುವವರು ತಮ್ಮ ಅಂಗಾಂಶ ಪರೀಕ್ಷಾ ವರದಿಯಲ್ಲಿ ನಮೂದಾಗಿರುವ ಅಂಶಗಳನ್ನು ಅರಿತುಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಒದಗಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ಒಂದೇ ಬದಿಯ ಮೂಗಿನಿಂದ ದುರ್ವಾಸನೆಯುಳ್ಳ ಸ್ರಾವ, ಅದೇ ಬದಿಯ ಕೆನ್ನೆಯಲ್ಲಿ ಭಾರ, ಬಾಯಿಯಲ್ಲಿ ಕೆಟ್ಟ ರುಚಿ ಇವು 12 ವಾರಗಳಿಗಿಂತ ಹೆಚ್ಚು ಕಾಲ ಮುಂದುವರಿದಿದ್ದಲ್ಲಿ ಅದನ್ನು ನೆಗಡಿಯೆಂದು ಪರಿಗಣಿಸತಕ್ಕದ್ದಲ್ಲ. ನೆಗಡಿ ಮತ್ತು ಅಲರ್ಜಿ ಸಾಮಾನ್ಯವಾಗಿ ಎರಡೂ ಬದಿಯನ್ನು ಬಾಧಿಸುತ್ತವೆ. ಒಂದೇ ಬದಿಗೆ ಸೀಮಿತವಾದ ತೊಂದರೆಗೆ ಆ ಬದಿಯ ಮೇಲಿನ ದವಡೆ ಹಲ್ಲಿನ ಸೋಂಕು, ಸೈನಸ್ಸಿನೊಳಗೆ ಬೆಳೆದ ಶಿಲೀಂಧ್ರ ಅಥವಾ ಅಪರೂಪಕ್ಕೆ ಗಡ್ಡೆ ಕಾರಣವಾಗಿರಬಹುದು. ಮೇಲ್ನೋಟಕ್ಕೆ ಇವೆಲ್ಲವೂ ಒಂದೇ ರೀತಿ ಕಾಣುತ್ತವೆ, ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ. ಇವುಗಳನ್ನು ಖಚಿತವಾಗಿ ಬೇರ್ಪಡಿಸುವುದು ಅಂಗಾಂಶ ಪರೀಕ್ಷೆ. ಆದ್ದರಿಂದ ವರದಿಯನ್ನು ಪಡೆದು ಕಡತದಲ್ಲಿ ಸೇರಿಸಿಟ್ಟರೆ ಸಾಲದು, ಅದರಲ್ಲಿ ಏನಿದೆ ಎಂಬುದನ್ನು ರೋಗಿಯ ಕಡೆಯವರೂ ತಿಳಿದಿರುವುದು ಅಗತ್ಯ.

ಮೇಲ್ದವಡೆ ಸೈನಸ್ ಮತ್ತು ಹಲ್ಲಿನ ಬೇರು

ಕೆನ್ನೆಯ ಮೂಳೆಯ ಹಿಂದೆ, ಮೂಗಿನ ಎರಡೂ ಪಕ್ಕಗಳಲ್ಲಿ ಗಾಳಿ ತುಂಬಿದ ಒಂದೊಂದು ಪೊಳ್ಳು ಭಾಗವಿರುತ್ತದೆ. ಇದೇ ಮೇಲ್ದವಡೆ ಸೈನಸ್. ಮೂಗಿನ ಸುತ್ತಲಿನ ಸೈನಸ್‌ಗಳಲ್ಲಿ ಇದು ಅತಿ ದೊಡ್ಡದು. ವಯಸ್ಕರಲ್ಲಿ ಸುಮಾರು 10 ರಿಂದ 15 ಮಿಲಿಲೀಟರ್ ಹಿಡಿಯುವಷ್ಟು ಇರುತ್ತದೆ. ಇದರ ನೆಲಭಾಗವೇ ಮೇಲಿನ ದವಡೆ ಹಲ್ಲುಗಳ ಮೇಲ್ಛಾವಣಿ. ಎರಡನೆಯ ಮುಂದವಡೆ ಹಲ್ಲು, ಮೊದಲನೆಯ ಮತ್ತು ಎರಡನೆಯ ದವಡೆ ಹಲ್ಲುಗಳ ಬೇರುಗಳು ಈ ನೆಲಕ್ಕೆ ಅತಿ ಸಮೀಪದಲ್ಲಿರುತ್ತವೆ. ಕೆಲವರಲ್ಲಿ ನಡುವೆ ಇರುವ ಮೂಳೆ ಕಾಗದದಷ್ಟು ತೆಳುವಾಗಿರುತ್ತದೆ. ಇನ್ನು ಕೆಲವರಲ್ಲಿ ಬೇರಿನ ತುದಿ ಮತ್ತು ಸೈನಸ್ಸಿನ ನಡುವೆ ಲೋಳೆಪೊರೆ ಮಾತ್ರ ಇರುತ್ತದೆ.

ಈ ಸಂಬಂಧ ಹೊಸದಾಗಿ ಕಂಡುಕೊಂಡದ್ದಲ್ಲ. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಪ್ರಕಟಿಸಿದ ಅಂಗರಚನಾಶಾಸ್ತ್ರದ ಗ್ರಂಥದಲ್ಲಿ ಈ ಕುಹರವನ್ನು ವಿವರಿಸುವಾಗ, ಹಲ್ಲು ಕಿತ್ತ ಗುಳಿಯಿಂದ ಸತತವಾಗಿ ದ್ರವ ಸೋರುತ್ತಿದ್ದ ಮಹಿಳೆಯೊಬ್ಬರ ಪ್ರಕರಣವನ್ನು ದಾಖಲಿಸಿದ್ದಾರೆ. ಮೂರೂವರೆ ಶತಮಾನಗಳ ನಂತರವೂ ಮೂಗಿನ ತೊಂದರೆಯೆಂದು ಬಂದವರ ಬಾಯಿ ತೆರೆಸಿ ಹಲ್ಲು ನೋಡದೇ ಕಳುಹಿಸುವುದುಂಟು ಎಂಬುದು ವಿಷಾದದ ಸಂಗತಿ.

ಆರೋಗ್ಯವಂತ ಸೈನಸ್ಸಿನ ಒಳಗೋಡೆಗೆ ಹೊದಿಸಿರುವ ಲೋಳೆಪೊರೆಯ ದಪ್ಪ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಇದರ ಮೇಲ್ಪದರದಲ್ಲಿ ಸ್ತಂಭಾಕಾರದ ಜೀವಕೋಶಗಳಿದ್ದು, ಅವುಗಳ ತುದಿಯಲ್ಲಿ ಸಿಲಿಯಾ ಎಂಬ ಅತಿ ಸೂಕ್ಷ್ಮ ರೋಮಗಳಿರುತ್ತವೆ. ನಡುನಡುವೆ ಲೋಳೆಯನ್ನು ಸ್ರವಿಸುವ ಗಾಬ್ಲೆಟ್ ಕೋಶಗಳಿರುತ್ತವೆ. ಸಿಲಿಯಾಗಳು ಸೆಕೆಂಡಿಗೆ ಹತ್ತಾರು ಬಾರಿ ಬಡಿಯುತ್ತಾ, ಧೂಳು ಮತ್ತು ರೋಗಾಣುಗಳು ಅಂಟಿಕೊಂಡ ಲೋಳೆಯನ್ನು ಹೊರದ್ವಾರದ ಕಡೆಗೆ ಸಾಗಿಸುತ್ತವೆ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಆ ಹೊರದ್ವಾರವು ಸೈನಸ್ಸಿನ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ಅಂದರೆ ಲೋಳೆಯು ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮೇಲಕ್ಕೇರಿ ಹೊರಬೀಳಬೇಕು. ತೂಬು ಕಟ್ಟೆಯ ಮೇಲಿರುವ ಕೆರೆಯಂತೆ. ಸಿಲಿಯಾಗಳು ಕೆಲಸ ನಿಲ್ಲಿಸಿದ ದಿನದಿಂದ ಸೈನಸ್ಸಿನ ತಳದಲ್ಲಿ ಸ್ರಾವ ನಿಲ್ಲತೊಡಗುತ್ತದೆ. ಮುಂದೆ ವಿವರಿಸಿರುವ ಬದಲಾವಣೆಗಳಲ್ಲಿ ಹೆಚ್ಚಿನವು ಇಲ್ಲಿಂದ ಆರಂಭವಾಗುತ್ತವೆ.

ಸೋಂಕು ಹಲ್ಲಿನಿಂದ ಸೈನಸ್ಸಿಗೆ ತಲುಪುವ ಬಗೆ

ಹುಳುಕು ಹಲ್ಲಿನ ಒಳಗಿನ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟುವುದು, ವಸಡಿನ ಕಾಯಿಲೆಯಿಂದ ಬೇರಿನ ಸುತ್ತಲಿನ ಮೂಳೆ ಕರಗುವುದು, ಹಲ್ಲು ಕೀಳುವಾಗ ಸೈನಸ್ಸಿಗೆ ರಂಧ್ರವಾಗುವುದು ಅಥವಾ ಬೇರಿನ ಚೂರು ಒಳಗೆ ಜಾರುವುದು, ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ತುಂಬಿದ ವಸ್ತು ಬೇರಿನ ತುದಿಯಾಚೆ ದಾಟುವುದು, ಕೃತಕ ಹಲ್ಲಿನ ಇಂಪ್ಲಾಂಟ್ ಸೈನಸ್ಸಿನೊಳಗೆ ಚುಚ್ಚಿಕೊಳ್ಳುವುದು ಇವು ಮುಖ್ಯ ಕಾರಣಗಳು. ಬೇರಿಗೂ ಸೈನಸ್ಸಿಗೂ ನಡುವಿನ ಮೂಳೆ ಒಡೆದಿರಲೇಬೇಕೆಂದಿಲ್ಲ. ಮೂಳೆಯ ಮಜ್ಜೆ, ರಕ್ತನಾಳ ಮತ್ತು ದುಗ್ಧನಾಳಗಳ ಮೂಲಕವೂ ಉರಿಯೂತ ಸೈನಸ್ಸಿಗೆ ಹರಡುವುದನ್ನು 1943ರಲ್ಲಿ ಡಬ್ಲ್ಯು. ಎಚ್. ಬಾವರ್ ಸೂಕ್ಷ್ಮದರ್ಶಕದ ಅಧ್ಯಯನದಿಂದ ತೋರಿಸಿದ್ದಾರೆ.

ತಿರುಳು ಸತ್ತ ಹಲ್ಲು ಅನೇಕ ವೇಳೆ ನೋಯುವುದಿಲ್ಲ. ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡ ಹಲ್ಲೂ ಒಳಗೊಳಗೆ ಸೋಂಕಿನಿಂದ ಕೂಡಿರಬಹುದು. ಕೀವು ಸೈನಸ್ಸಿನ ಕಡೆಗೆ ಹರಿದುಹೋಗುವುದರಿಂದ ಹಲ್ಲಿನ ಬಳಿ ಒತ್ತಡವಾಗಲಿ ಊತವಾಗಲಿ ಉಂಟಾಗುವುದಿಲ್ಲ. ಆದ್ದರಿಂದ "ನನಗೆ ಹಲ್ಲು ನೋವಿಲ್ಲ" ಎಂಬ ರೋಗಿಯ ಹೇಳಿಕೆಯನ್ನು ಆಧರಿಸಿ ಹಲ್ಲಿನ ಪರೀಕ್ಷೆಯನ್ನು ಕೈಬಿಡತಕ್ಕದ್ದಲ್ಲ.

ಲೋಳೆಪೊರೆಯಲ್ಲಾಗುವ ಬದಲಾವಣೆಗಳು

ಆರಂಭದಲ್ಲಿ ರಕ್ತನಾಳಗಳು ಹಿಗ್ಗಿ, ನೀರಿನಂಶ ಸೋರಿ, ಲೋಳೆಪೊರೆ ಊದಿಕೊಳ್ಳುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಈ ಹಂತದಲ್ಲಿ ಹಲ್ಲಿಗೆ ಚಿಕಿತ್ಸೆಯಾದಲ್ಲಿ ಪೊರೆ ಮೊದಲಿನ ಸ್ಥಿತಿಗೆ ಮರಳಬಲ್ಲದು.

ಸೋಂಕಿನ ಮೂಲ ಹಾಗೆಯೇ ಉಳಿದಲ್ಲಿ ತಿಂಗಳುಗಳು ಕಳೆದಂತೆ ಚಿತ್ರ ಬದಲಾಗುತ್ತದೆ. ಮೇಲ್ಪದರದ ಸಿಲಿಯಾಗಳು ಮೋಟಾಗಿ, ಅಲ್ಲಲ್ಲಿ ಸಂಪೂರ್ಣ ಉದುರಿಹೋಗುತ್ತವೆ. ಗಾಬ್ಲೆಟ್ ಕೋಶಗಳ ಸಂಖ್ಯೆ ಹೆಚ್ಚಿ ಲೋಳೆ ದಪ್ಪಗಾಗುತ್ತದೆ. ಅಂದರೆ ಸಾಗಿಸುವ ಕೆಲಸಗಾರರು ಕಡಿಮೆಯಾಗಿ ಸಾಗಿಸಬೇಕಾದ ಸರಕು ಹೆಚ್ಚಾಗುತ್ತದೆ. ಮೇಲ್ಪದರದ ಕೆಳಗಿನ ಆಧಾರಪೊರೆ ದಪ್ಪವಾಗುತ್ತದೆ. ಅದರ ಕೆಳಗಿನ ಅಂಗಾಂಶದಲ್ಲಿ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು ದಟ್ಟವಾಗಿ ತುಂಬಿಕೊಳ್ಳುತ್ತವೆ. ವರದಿಯಲ್ಲಿ ಇದನ್ನೇ "ದೀರ್ಘಕಾಲೀನ ಉರಿಯೂತದ ಕೋಶಗಳ ಸೇರ್ಪಡೆ" ಎಂಬ ಅರ್ಥದಲ್ಲಿ ಬರೆದಿರುತ್ತಾರೆ. ಗ್ರಂಥಿಗಳು ಬೆಳೆದು, ಅವುಗಳ ನಾಳ ಮುಚ್ಚಿಕೊಂಡಾಗ ಲೋಳೆ ತುಂಬಿದ ಸಣ್ಣ ಚೀಲಗಳು ಉಂಟಾಗುತ್ತವೆ. ಪೊರೆಯು ನೀರೂರಿ ಜೋತುಬಿದ್ದು ಪಾಲಿಪ್ ಆಗಬಹುದು. ಕಡೆಯ ಹಂತದಲ್ಲಿ ನಾರಿನ ಅಂಗಾಂಶ ಬೆಳೆದು ಪೊರೆ ಗಡುಸಾಗುತ್ತದೆ. ಸಣ್ಣ ರಕ್ತನಾಳಗಳ ಗೋಡೆಯೂ ದಪ್ಪಗಾಗುತ್ತದೆ. ಹೀಗೆ ನಾರುಗಟ್ಟಿದ ಭಾಗಕ್ಕೆ ರಕ್ತದ ಮೂಲಕ ಔಷಧಿ ತಲುಪುವುದು ಕಷ್ಟ. ಒಂದರ ಮೇಲೊಂದು ಆ್ಯಂಟಿಬಯೋಟಿಕ್ ಕೋರ್ಸ್ ಪಡೆದರೂ ಗುಣವಾಗದಿರುವುದಕ್ಕೆ ಇದೂ ಒಂದು ಕಾರಣ.

ಅಲರ್ಜಿಯಿಂದ ಬಂದ ಸೈನಸ್ ಕಾಯಿಲೆಯ ಅಂಗಾಂಶದಲ್ಲಿ ಸಾಮಾನ್ಯವಾಗಿ ಇಯೋಸಿನೋಫಿಲ್ ಎಂಬ ಕಣಗಳು ಮೇಲುಗೈ ಪಡೆದಿರುತ್ತವೆ. ಹಲ್ಲಿನ ಮೂಲದ ಕಾಯಿಲೆಯಲ್ಲಿ ಅವು ಕಡಿಮೆ. ನ್ಯೂಟ್ರೋಫಿಲ್, ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳೇ ಪ್ರಧಾನ. ಕೇವಲ ಇದರಿಂದಲೇ ಹಲ್ಲಿನ ಮೂಲವೆಂದು ತೀರ್ಮಾನಿಸಲಾಗದಿದ್ದರೂ, ಇಂತಹ ವರದಿ ಕೈಸೇರಿದಾಗ ಹಲ್ಲಿನ ತಪಾಸಣೆಯಾಗಿದೆಯೇ ಎಂದು ಕೇಳುವುದು ಸೂಕ್ತ. ದುರ್ವಾಸನೆಗೆ ಕಾರಣ ಬಾಯಿಯಲ್ಲಿ ವಾಸಿಸುವ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು.

ಹಲ್ಲು ಕಿತ್ತ ಜಾಗದಲ್ಲಿ ಬಾಯಿ ಮತ್ತು ಸೈನಸ್ಸಿನ ನಡುವೆ ದಾರಿ ಉಳಿದುಬಿಟ್ಟರೆ, ಬಾಯಿಯ ಚರ್ಮದ ಕೋಶಗಳು ಆ ದಾರಿಯ ಗೋಡೆಯ ಮೇಲೆ ಬೆಳೆದು ಅದನ್ನು ಕಾಯಂ ನಾಳವನ್ನಾಗಿ ಮಾಡುತ್ತವೆ. ಆ ಬಳಿಕ ಅದು ತಾನಾಗಿಯೇ ಮುಚ್ಚಿಕೊಳ್ಳುವುದಿಲ್ಲ. ನೀರು ಕುಡಿದಾಗ ಮೂಗಿನಲ್ಲಿ ಬರುವುದು ಇದರ ಲಕ್ಷಣ. 2 ಮಿ.ಮೀ.ಗಿಂತ ಚಿಕ್ಕ ರಂಧ್ರಗಳು ಬಹುತೇಕ ತಾವಾಗಿಯೇ ವಾಸಿಯಾಗುತ್ತವೆ, 5 ಮಿ.ಮೀ. ಮೀರಿದವುಗಳಿಗೆ ಸಾಮಾನ್ಯವಾಗಿ ಹೊಲಿಗೆ ಅಥವಾ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸಂತೆಯಲ್ಲಿ, ಬಸ್ ನಿಲ್ದಾಣದ ಬಳಿ ಅರ್ಹತೆಯಿಲ್ಲದವರಿಂದ ಮೇಲಿನ ದವಡೆ ಹಲ್ಲು ಕೀಳಿಸಿಕೊಳ್ಳುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕಾಗಿ ಕೋರಲಾಗಿದೆ.

ವರದಿಯಲ್ಲಿ ಜನರನ್ನು ಅನಗತ್ಯವಾಗಿ ಹೆದರಿಸುವ ಪದವೊಂದಿದೆ: "ಸ್ಕ್ವೇಮಸ್ ಮೆಟಾಪ್ಲೇಸಿಯಾ". ದೀರ್ಘಕಾಲ ಕೆರಳಿದ ಪೊರೆಯ ಸ್ತಂಭಾಕಾರದ ಕೋಶಗಳು ಚರ್ಮದ ಕೋಶಗಳಂತೆ ಚಪ್ಪಟೆಯಾಗಿ ಬದಲಾಗುವುದಕ್ಕೆ ಈ ಹೆಸರು. ಇದು ಕ್ಯಾನ್ಸರ್ ಅಲ್ಲ. ಆದರೆ "ಡಿಸ್ಪ್ಲೇಸಿಯಾ" ಅಥವಾ "ಕಾರ್ಸಿನೋಮ" ಎಂಬ ಪದಗಳಿದ್ದಲ್ಲಿ ಅದು ಬೇರೆಯೇ ವಿಷಯ. ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಮೂಳೆಯಲ್ಲೂ ಬದಲಾವಣೆಗಳಾಗುತ್ತವೆ. ಬೇರಿನ ತುದಿಯ ಸುತ್ತ ಮೂಳೆ ಕರಗಿ ಗುಳಿಯಾದರೆ, ಸೈನಸ್ಸಿನ ಉಳಿದ ಗೋಡೆಗಳು ದೀರ್ಘಕಾಲದ ಉರಿಯೂತಕ್ಕೆ ಪ್ರತಿಯಾಗಿ ದಪ್ಪಗಾಗುತ್ತವೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡನ್ನೂ ನೋಡಬಹುದು. ಹಲ್ಲಿನ ಸಾಮಾನ್ಯ ಎಕ್ಸ್-ರೇಯಲ್ಲಿ ಮೇಲಿನ ದವಡೆ ಹಲ್ಲುಗಳ ಬೇರಿನ ತುದಿ ಅನೇಕ ವೇಳೆ ಸ್ಪಷ್ಟವಾಗಿ ಕಾಣುವುದಿಲ್ಲ.

ಶಿಲೀಂಧ್ರ ಸೇರಿಕೊಂಡಾಗ

ಸಿರುಗುಪ್ಪ ತಾಲ್ಲೂಕು ತುಂಗಭದ್ರಾ ಕಾಲುವೆಯ ನೀರಾವರಿಯಲ್ಲಿ ಭತ್ತ ಬೆಳೆಯುವ ಪ್ರದೇಶ. ಒಣ ಹುಲ್ಲು, ಭತ್ತದ ಹೊಟ್ಟು, ಬಣವೆ, ಮಣ್ಣಿನ ಧೂಳು ಇವುಗಳಲ್ಲಿ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರದ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಹಾಗೆಂದು ಕಣದಲ್ಲಿ ಅಥವಾ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು ಗಾಬರಿಯಾಗಬೇಕಿಲ್ಲ. ಈ ಬೀಜಕಣಗಳನ್ನು ನಗರ, ಹಳ್ಳಿ ಎಂಬ ಭೇದವಿಲ್ಲದೆ ಎಲ್ಲರೂ ಪ್ರತಿದಿನ ಉಸಿರಾಡುತ್ತಾರೆ, ಆರೋಗ್ಯವಂತ ಪೊರೆ ಅವುಗಳನ್ನು ಹೊರಹಾಕುತ್ತದೆ. ಸಿಲಿಯಾ ಉದುರಿ, ಸ್ರಾವ ನಿಂತು, ಗಾಳಿಯಾಡದ ಸೈನಸ್ಸಿನಲ್ಲಿ ಮಾತ್ರ ಅವು ಬೇರೂರುತ್ತವೆ. ಹಲ್ಲಿನ ಸೋಂಕು ಇಂತಹ ನೆಲೆಯನ್ನು ಸಿದ್ಧಪಡಿಸಿಕೊಡುತ್ತದೆ. ಇದಲ್ಲದೆ, ಸತುವಿನ ಆಕ್ಸೈಡ್ ಇರುವ ರೂಟ್ ಕೆನಾಲ್ ತುಂಬುವಸ್ತು ಸೈನಸ್ಸಿನೊಳಗೆ ದಾಟಿದಲ್ಲಿ, ಆ ಸತುವು ಆಸ್ಪರ್ಜಿಲ್ಲಸ್ ಬೆಳವಣಿಗೆಗೆ ಪೋಷಕವಾಗುತ್ತದೆ ಎಂಬ ಅಭಿಪ್ರಾಯ ತಜ್ಞರಲ್ಲಿದೆ.

ಸೈನಸ್ಸಿನ ಶಿಲೀಂಧ್ರ ಕಾಯಿಲೆ ಎಂದರೆ ಒಂದೇ ಕಾಯಿಲೆಯಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಅರುಣಾಲೋಕೆ ಚಕ್ರವರ್ತಿ ಮತ್ತು ಇತರ ದೇಶಗಳ ತಜ್ಞರ ತಂಡ 2009ರಲ್ಲಿ ಪ್ರಕಟಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಇದರ ತಳಹದಿ ಒಂದೇ ಪ್ರಶ್ನೆ: ಶಿಲೀಂಧ್ರದ ಎಳೆಗಳು ಜೀವಂತ ಅಂಗಾಂಶದೊಳಗೆ ನುಗ್ಗಿವೆಯೇ, ಇಲ್ಲವೇ?

ನುಗ್ಗದಿರುವ ವಿಧಗಳಲ್ಲಿ ಹಲ್ಲಿನ ಮೂಲದ ಕಾಯಿಲೆಯೊಂದಿಗೆ ಹೆಚ್ಚಾಗಿ ಕಾಣುವುದು ಶಿಲೀಂಧ್ರದ ಉಂಡೆ. ಸಾಮಾನ್ಯವಾಗಿ ಒಂದೇ ಬದಿಯ ಮೇಲ್ದವಡೆ ಸೈನಸ್ಸಿನಲ್ಲಿ, ಮಧ್ಯವಯಸ್ಸು ದಾಟಿದವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆಯ ವೇಳೆ ಕಂದು, ಹಸಿರು ಅಥವಾ ಕಪ್ಪು ಬಣ್ಣದ, ಜೇಡಿಮಣ್ಣಿನಂತೆ ಪುಡಿಯಾಗುವ ಮುದ್ದೆ ಹೊರಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಒತ್ತೊತ್ತಾಗಿ, ಈರುಳ್ಳಿಯ ಪದರಗಳಂತೆ ಹೆಣೆದುಕೊಂಡಿರುತ್ತವೆ. ಸುಣ್ಣದಂಶ ಶೇಖರಣೆಯಾಗಿದ್ದು ಸಿ.ಟಿ. ಸ್ಕ್ಯಾನ್‌ನಲ್ಲಿ ಲೋಹದ ಚೂರಿನಂತೆ ಬೆಳ್ಳಗೆ ಕಾಣುತ್ತದೆ. ಪಕ್ಕದ ಲೋಳೆಪೊರೆಯಲ್ಲಿ ಮೇಲೆ ವಿವರಿಸಿದ ದೀರ್ಘಕಾಲೀನ ಉರಿಯೂತವಿರುತ್ತದೆ, ಆದರೆ ಅದರೊಳಗೆ ಒಂದು ಎಳೆಯೂ ಇರುವುದಿಲ್ಲ.

ಅಲರ್ಜಿಯ ಶಿಲೀಂಧ್ರ ಕಾಯಿಲೆಯಲ್ಲಿಯೂ ಅಂಗಾಂಶದೊಳಗೆ ನುಗ್ಗುವಿಕೆ ಇಲ್ಲ. ಅಲ್ಲಿ ಅಂಟಂಟಾದ ಲೋಳೆಯಲ್ಲಿ ಇಯೋಸಿನೋಫಿಲ್‌ಗಳು ತುಂಬಿದ್ದು ಎಳೆಗಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಇದಕ್ಕೂ ಹಲ್ಲಿಗೂ ಸಾಮಾನ್ಯವಾಗಿ ಸಂಬಂಧವಿಲ್ಲದ ಕಾರಣ ಇಲ್ಲಿ ವಿಸ್ತರಿಸಿಲ್ಲ.

ನುಗ್ಗುವ ವಿಧಗಳು ಅಪಾಯಕಾರಿ. ತೀವ್ರ ಸ್ವರೂಪದ ವಿಧದಲ್ಲಿ ಎಳೆಗಳು ರಕ್ತನಾಳಗಳ ಗೋಡೆಯನ್ನು ಭೇದಿಸಿ, ಒಳಗೆ ರಕ್ತ ಹೆಪ್ಪುಗಟ್ಟಿಸಿ, ಮುಂದಿನ ಅಂಗಾಂಶಕ್ಕೆ ರಕ್ತ ಸಿಗದೆ ಅದು ಸತ್ತು ಕಪ್ಪಾಗುತ್ತದೆ. ಕೆಲವೇ ದಿನಗಳಿಂದ ನಾಲ್ಕು ವಾರಗಳೊಳಗೆ ಕಣ್ಣು ಮತ್ತು ಮೆದುಳಿಗೆ ಹರಡಬಲ್ಲದು. ಹತೋಟಿಯಲ್ಲಿಲ್ಲದ ಮಧುಮೇಹಿಗಳು, ಸ್ಟೀರಾಯ್ಡ್ ಪಡೆಯುತ್ತಿರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು.

ನಿಧಾನವಾಗಿ ಹರಡುವ ಮತ್ತೊಂದು ವಿಧವಿದ್ದು, ಸುಡಾನ್, ಸೌದಿ ಅರೇಬಿಯಾ, ಪಾಕಿಸ್ತಾನ ಮತ್ತು ಭಾರತದಂತಹ ದೇಶಗಳಿಂದಲೇ ಹೆಚ್ಚಾಗಿ ವರದಿಯಾಗಿದೆ. ಇದಕ್ಕೆ ಬಹುತೇಕ ಆಸ್ಪರ್ಜಿಲ್ಲಸ್ ಫ್ಲೇವಸ್ ಕಾರಣ. ಆರೋಗ್ಯವಂತರಿಗೂ ಬರುತ್ತದೆ, ತಿಂಗಳುಗಟ್ಟಲೆ ಬೆಳೆದು ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ. ಅಂಗಾಂಶದಲ್ಲಿ ಗ್ರಾನ್ಯುಲೋಮ ಎಂಬ ಗಂಟುಗಳು, ದೈತ್ಯಕೋಶಗಳು ಮತ್ತು ನಾರಿನ ಅಂಶ ಇರುತ್ತವೆ. ಕ್ಷಯರೋಗದಲ್ಲಿಯೂ ಗ್ರಾನ್ಯುಲೋಮಗಳು ಇರುವುದರಿಂದ, "ಗ್ರಾನ್ಯುಲೋಮ" ಎಂಬ ಒಂದೇ ಪದದ ಆಧಾರದ ಮೇಲೆ ಕ್ಷಯದ ಔಷಧಿ ಆರಂಭಿಸುವುದಾಗಲಿ, ಶಿಲೀಂಧ್ರದ ಔಷಧಿ ಆರಂಭಿಸುವುದಾಗಲಿ ಸರಿಯಲ್ಲ. ಎರಡಕ್ಕೂ ವಿಶೇಷ ಬಣ್ಣಲೇಪನ ಪರೀಕ್ಷೆಗಳಿವೆ. ಅವು ಆಗಿವೆಯೇ ಎಂದು ವಿಚಾರಿಸಬಹುದು.

ವರದಿಯಲ್ಲಿ ಮೊದಲು ನೋಡಬೇಕಾದ ಸಾಲು

"ಶಿಲೀಂಧ್ರ ಕಂಡುಬಂದಿದೆ" ಎಂಬುದು ಅರ್ಧ ಮಾಹಿತಿ. ಅಂಗಾಂಶದೊಳಗೆ ನುಗ್ಗುವಿಕೆ ಇದೆಯೇ ಇಲ್ಲವೇ, ರಕ್ತನಾಳಗಳಲ್ಲಿ ಎಳೆಗಳಿವೆಯೇ ಎಂಬುದು ಉಳಿದರ್ಧ. ಈ ಸಾಲು ವರದಿಯಲ್ಲಿ ಇಲ್ಲದಿದ್ದಲ್ಲಿ ಸಂಬಂಧಪಟ್ಟ ವೈದ್ಯರ ಮೂಲಕ ಸ್ಪಷ್ಟೀಕರಣ ಕೋರುವುದು ರೋಗಿಯ ಹಿತದೃಷ್ಟಿಯಿಂದ ಅತ್ಯವಶ್ಯಕ. ನುಗ್ಗುವಿಕೆ ಇಲ್ಲದ ಶಿಲೀಂಧ್ರದ ಉಂಡೆಗೆ ಅದನ್ನು ಪೂರ್ತಿ ತೆಗೆದು ಸೈನಸ್ಸಿಗೆ ಗಾಳಿಯಾಡುವಂತೆ ಮಾಡುವುದೇ ಚಿಕಿತ್ಸೆ. ಸಾಮಾನ್ಯವಾಗಿ ಶಿಲೀಂಧ್ರನಾಶಕ ಮಾತ್ರೆ ಅಥವಾ ಚುಚ್ಚುಮದ್ದು ಬೇಕಿಲ್ಲ. ಇಂತಹವರು ತಿಂಗಳುಗಟ್ಟಲೆ ದುಬಾರಿ ಔಷಧಿ ಪಡೆದರೆ ಹಣವೂ ವ್ಯರ್ಥ, ಯಕೃತ್ತಿಗೂ ತೊಂದರೆ. ನುಗ್ಗುವಿಕೆ ಇದ್ದಲ್ಲಿ ಒಂದು ದಿನದ ವಿಳಂಬವೂ ಕಣ್ಣನ್ನು ಕಳೆಯಬಹುದು.

ಎಳೆಗಳ ರೂಪದ ಬಗ್ಗೆಯೂ ವರದಿಯಲ್ಲಿ ಉಲ್ಲೇಖವಿರುತ್ತದೆ. ಆಸ್ಪರ್ಜಿಲ್ಲಸ್ ಎಳೆಗಳು ತೆಳುವಾಗಿದ್ದು, ಅಡ್ಡಗೋಡೆಗಳನ್ನು ಹೊಂದಿ, ಸುಮಾರು 45 ಡಿಗ್ರಿ ಕೋನದಲ್ಲಿ ಕವಲೊಡೆಯುತ್ತವೆ. ಮ್ಯೂಕರ್ ವರ್ಗದವು ಅಗಲವಾಗಿ, ರಿಬ್ಬನ್ನಿನಂತೆ ಮಡಚಿಕೊಂಡು, ಅಡ್ಡಗೋಡೆಗಳು ವಿರಳವಾಗಿದ್ದು, 90 ಡಿಗ್ರಿಗೆ ಹತ್ತಿರದ ಕೋನದಲ್ಲಿ ಕವಲೊಡೆಯುತ್ತವೆ. ಈ ವ್ಯತ್ಯಾಸ ಔಷಧಿಯ ಆಯ್ಕೆಯನ್ನು ನಿರ್ಧರಿಸುತ್ತದೆ: ಆಸ್ಪರ್ಜಿಲ್ಲಸ್‌ಗೆ ಪರಿಣಾಮಕಾರಿಯಾದ ವೋರಿಕೊನಜೋಲ್ ಮ್ಯೂಕರ್ ವರ್ಗಕ್ಕೆ ನಾಟುವುದಿಲ್ಲ, ಅದಕ್ಕೆ ಆಂಫೋಟೆರಿಸಿನ್ ಬಿ ಬೇಕು.

2021ರಲ್ಲಿ ಕಂಡುಬಂದ ಪರಿಸ್ಥಿತಿ

ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ "ಕಪ್ಪು ಶಿಲೀಂಧ್ರ" ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ರಾಜ್ಯದಾದ್ಯಂತ ಹರಡಿದ್ದು ಎಲ್ಲರಿಗೂ ತಿಳಿದ ವಿಷಯ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಇದನ್ನು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ಅಧಿಸೂಚಿತ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದಲ್ಲಿಯೂ ಅದರಂತೆ ಕ್ರಮ ಕೈಗೊಳ್ಳಲಾಯಿತು. ಆಂಫೋಟೆರಿಸಿನ್ ಚುಚ್ಚುಮದ್ದಿನ ಕೊರತೆ ದೇಶವನ್ನೇ ಕಾಡಿತು. ಮಧುಮೇಹ ಮತ್ತು ಸ್ಟೀರಾಯ್ಡ್ ಬಳಕೆ ಮುಖ್ಯ ಕಾರಣಗಳೆಂದು ಕಂಡುಬಂದಿತು.

ಹಲ್ಲಿನ ವಿಷಯದಲ್ಲಿ ಆ ವರ್ಷ ಕಲಿಸಿದ ಪಾಠ ಬೇರೆಯೇ ಇದೆ. ಅನೇಕ ರೋಗಿಗಳಲ್ಲಿ ಮೊದಲ ಲಕ್ಷಣ ಮೇಲಿನ ಹಲ್ಲುಗಳು ಒಮ್ಮೆಲೇ ಅಲುಗಾಡುವುದು, ವಸಡಿನಲ್ಲಿ ಕೀವು ಅಥವಾ ಅಂಗುಳಿನಲ್ಲಿ ಹುಣ್ಣು ಆಗಿತ್ತು. ಇಲ್ಲಿ ಸೋಂಕು ಹಲ್ಲಿನಿಂದ ಸೈನಸ್ಸಿಗೆ ಹೋದದ್ದಲ್ಲ. ಸೈನಸ್ಸಿನಿಂದ ದವಡೆ ಮೂಳೆಗೆ ಇಳಿದು, ಮೂಳೆ ಸತ್ತು, ಹಲ್ಲು ಸಡಿಲಗೊಂಡಿತ್ತು. ಹುಳುಕಿಲ್ಲದ ಹಲವು ಹಲ್ಲುಗಳು ಒಟ್ಟಿಗೆ ಅಲುಗಾಡತೊಡಗಿದರೆ, ವಿಶೇಷವಾಗಿ ಮಧುಮೇಹಿಗಳಲ್ಲಿ, ಹಲ್ಲು ಕೀಳಿಸಿ ಮನೆಗೆ ಮರಳದೆ ಸ್ಕ್ಯಾನ್ ಮತ್ತು ಅಂಗಾಂಶ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೋವಿಡ್ ಅಲೆ ಮುಗಿದರೂ ಮ್ಯೂಕರ್ ಕಾಯಿಲೆ ಮುಗಿದಿಲ್ಲ. ಹತೋಟಿಯಿಲ್ಲದ ಮಧುಮೇಹಿಗಳಲ್ಲಿ ಅದು ಮೊದಲೂ ಇತ್ತು, ಈಗಲೂ ಇದೆ.

ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಸುಕಾಗುವುದು, ಕೆನ್ನೆ ಜೋಮು ಹಿಡಿಯುವುದು, ಅಂಗುಳು ಅಥವಾ ಮೂಗಿನೊಳಗೆ ಕಪ್ಪು ಬಣ್ಣ ಇವುಗಳಲ್ಲಿ ಯಾವುದಾದರೊಂದು ಕಂಡುಬಂದಲ್ಲಿ ಅರ್ಜಿ, ದಾಖಲೆ ಇತ್ಯಾದಿಗಳಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ದಾಖಲಾಗತಕ್ಕದ್ದು. ಅಗತ್ಯವಿದ್ದಲ್ಲಿ 108 ಆಂಬ್ಯುಲೆನ್ಸ್ ಸೇವೆ ಪಡೆಯಬಹುದು.

ಮಾದರಿ ಕಳುಹಿಸುವಾಗ: ಎರಡು ಬಾಟಲಿ

ಇದು ಚಿಕ್ಕ ವಿಷಯವೆನಿಸಿದರೂ ಇಡೀ ಪರೀಕ್ಷೆಯ ಫಲ ಇದರ ಮೇಲೆ ನಿಂತಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ಒಂದು ಭಾಗವನ್ನು ಫಾರ್ಮಲಿನ್ ದ್ರಾವಣದಲ್ಲಿ ಪೆಥಾಲಜಿ ವಿಭಾಗಕ್ಕೂ, ಇನ್ನೊಂದು ಭಾಗವನ್ನು ಫಾರ್ಮಲಿನ್ ತಾಗಿಸದೆ ಸಲೈನ್ ದ್ರಾವಣದಲ್ಲಿ ಮೈಕ್ರೋಬಯಾಲಜಿ ವಿಭಾಗಕ್ಕೂ ಕಳುಹಿಸಬೇಕು. ಫಾರ್ಮಲಿನ್ ಶಿಲೀಂಧ್ರವನ್ನು ಕೊಲ್ಲುತ್ತದೆ. ಅದರಲ್ಲಿ ಮುಳುಗಿದ ಮಾದರಿಯಿಂದ ಶಿಲೀಂಧ್ರವನ್ನು ಬೆಳೆಸಿ ಯಾವ ಜಾತಿಯೆಂದು ಗುರುತಿಸುವುದು ಸಾಧ್ಯವಿಲ್ಲ. ಮಾದರಿಯನ್ನು ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸ ಅನೇಕ ವೇಳೆ ರೋಗಿಯ ಸಂಬಂಧಿಕರ ಪಾಲಿಗೇ ಬರುವುದರಿಂದ, ಎರಡು ಬಾಟಲಿಗಳಿವೆಯೇ, ಎರಡರ ಮೇಲೂ ಹೆಸರು, ವಯಸ್ಸು, ಆಸ್ಪತ್ರೆ ಸಂಖ್ಯೆ ಮತ್ತು ಯಾವ ಬದಿಯ ಸೈನಸ್ ಎಂಬುದು ಬರೆದಿದೆಯೇ ಎಂದು ಅವರೇ ನೋಡಿಕೊಳ್ಳುವುದು ಒಳ್ಳೆಯದು. ಕೋರಿಕೆ ನಮೂನೆಯಲ್ಲಿ ಹಲ್ಲಿನ ಇತಿಹಾಸ, ಅಂದರೆ ಯಾವ ಹಲ್ಲು ಕೀಳಲಾಗಿದೆ, ಯಾವುದಕ್ಕೆ ರೂಟ್ ಕೆನಾಲ್ ಆಗಿದೆ, ಮಧುಮೇಹವಿದೆಯೇ ಎಂಬ ವಿವರಗಳನ್ನು ಬರೆಸತಕ್ಕದ್ದು. ಮುದ್ದೆಯನ್ನು ಮಾತ್ರ ಕಳುಹಿಸಿ ಪಕ್ಕದ ಲೋಳೆಪೊರೆಯ ತುಣುಕನ್ನು ಕಳುಹಿಸದಿದ್ದಲ್ಲಿ, ನುಗ್ಗುವಿಕೆ ಇದೆಯೇ ಎಂಬ ಪ್ರಶ್ನೆಗೆ ಪೆಥಾಲಜಿ ತಜ್ಞರು ಉತ್ತರಿಸಲಾರರು.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ನೇರ ಪರೀಕ್ಷೆಯ ಫಲಿತಾಂಶ ಅದೇ ದಿನ ದೊರೆಯಬಲ್ಲದು. ಬಯಾಪ್ಸಿ ವರದಿಗೆ ಕೆಲವು ದಿನಗಳು, ಶಿಲೀಂಧ್ರ ಬೆಳೆಸುವ ಕಲ್ಚರ್ ಪರೀಕ್ಷೆಗೆ ನಾಲ್ಕು ವಾರಗಳವರೆಗೂ ಬೇಕಾಗುತ್ತದೆ. ಉಂಡೆಯೊಳಗಿನ ಶಿಲೀಂಧ್ರ ಹಲವು ವೇಳೆ ಸತ್ತಿರುವುದರಿಂದ ಕಲ್ಚರ್‌ನಲ್ಲಿ "ಬೆಳವಣಿಗೆ ಇಲ್ಲ" ಎಂದು ಬಂದ ಮಾತ್ರಕ್ಕೆ ಶಿಲೀಂಧ್ರ ಇರಲಿಲ್ಲವೆಂದು ಅರ್ಥವಲ್ಲ.

ಚಿಕಿತ್ಸೆ ಮತ್ತು ಸೇವೆ ಪಡೆಯುವ ವಿಧಾನ

ಹಲ್ಲು ಮತ್ತು ಸೈನಸ್ ಎರಡಕ್ಕೂ ಚಿಕಿತ್ಸೆಯಾಗಬೇಕು. ಶಿಲೀಂಧ್ರವಿಲ್ಲದ ಪ್ರಕರಣಗಳಲ್ಲಿ ಕೆಲವರಿಗೆ ಹಲ್ಲಿನ ಚಿಕಿತ್ಸೆಯೊಂದರಿಂದಲೇ ಗುಣವಾಗುತ್ತದೆ. ಸೈನಸ್ಸಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿ ಸೋಂಕಿನ ಹಲ್ಲನ್ನು ಹಾಗೆಯೇ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ; ಶಿಲೀಂಧ್ರದ ಉಂಡೆಯನ್ನು ಬಿಟ್ಟು ಹಲ್ಲು ಮಾತ್ರ ಕಿತ್ತರೂ ಪ್ರಯೋಜನವಿಲ್ಲ. ಕೆನ್ನೆಯ ಒಳಭಾಗದಿಂದ ಮೂಳೆ ಕೊರೆದು ಮಾಡುವ, 1890ರ ದಶಕದಿಂದ ರೂಢಿಯಲ್ಲಿದ್ದ ಕಾಲ್ಡ್‌ವೆಲ್–ಲ್ಯೂಕ್ ಶಸ್ತ್ರಚಿಕಿತ್ಸೆಯ ಜಾಗವನ್ನು ಈಗ ಬಹುಮಟ್ಟಿಗೆ ಮೂಗಿನ ಮೂಲಕ ಮಾಡುವ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ ಪಡೆದಿದೆ. ಇದರಲ್ಲಿ ಲೋಳೆಪೊರೆಯನ್ನು ಕೆರೆದು ತೆಗೆಯದೆ ಉಳಿಸಿಕೊಳ್ಳುವುದರಿಂದ, ಗಾಳಿಯಾಡತೊಡಗಿದ ಮೇಲೆ ಸಿಲಿಯಾಗಳು ಮತ್ತೆ ಬೆಳೆಯಲು ಅವಕಾಶವಿರುತ್ತದೆ.

ಕರೂರು ಭಾಗದ ಸಾರ್ವಜನಿಕರು ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸಿರುಗುಪ್ಪದ ಸಾರ್ವಜನಿಕ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು, ಶಿಫಾರಸು ಪತ್ರದೊಂದಿಗೆ ಬಳ್ಳಾರಿಗೆ ತೆರಳಬಹುದು. ಬಳ್ಳಾರಿ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರ (ಜನರ ಬಾಯಲ್ಲಿ ಇಂದಿಗೂ ವಿಮ್ಸ್) ಹಾಗೂ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯ ಎರಡೂ ಬಳ್ಳಾರಿಯಲ್ಲಿಯೇ ಇರುವುದು ಈ ಕಾಯಿಲೆಯ ಮಟ್ಟಿಗೆ ದೊಡ್ಡ ಅನುಕೂಲ. ಶಿಫಾರಸು ಪತ್ರದಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಮತ್ತು ದಂತ ವಿಭಾಗ ಎರಡನ್ನೂ ನಮೂದಿಸುವಂತೆ ಕೋರಿದಲ್ಲಿ ಎರಡು ಬಾರಿ ಬಸ್ ಹತ್ತುವ, ಎರಡು ದಿನದ ಕೂಲಿ ಕಳೆದುಕೊಳ್ಳುವ ಪ್ರಮೇಯ ತಪ್ಪುತ್ತದೆ.

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ, ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ ವಾರ್ಷಿಕ 1.5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ತಪ್ಪದೇ ಕೊಂಡೊಯ್ಯತಕ್ಕದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿರುವುದರಿಂದ, ಶಿಫಾರಸು ಇಲ್ಲದೆ ನೇರವಾಗಿ ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬೇಕು. ಯಾವ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆ ಎಂಬುದನ್ನೂ ಅವರೇ ತಿಳಿಸುತ್ತಾರೆ.

ವೈದ್ಯಕೀಯ ದಾಖಲೆಗಳ ಪ್ರತಿಯನ್ನು ಕೋರಿದ 72 ಗಂಟೆಗಳೊಳಗೆ ಒದಗಿಸಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡಾವಳಿ ನಿಯಮಗಳಲ್ಲಿ ತಿಳಿಸಲಾಗಿದೆ. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಯ್ದಿರಿಸಬೇಕು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ವರದಿಯ ಬಗ್ಗೆ ಎರಡನೆಯ ಅಭಿಪ್ರಾಯ ಬೇಕಿದ್ದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಮೊದಲು ಪರೀಕ್ಷಿಸಿದ ಅಂಗಾಂಶವನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ವೈದ್ಯರ ಪತ್ರ ನೀಡಿ ಆ ಅಚ್ಚು ಮತ್ತು ಗಾಜಿನ ಸ್ಲೈಡುಗಳನ್ನು ಪಡೆದು ಬೇರೆ ಪೆಥಾಲಜಿ ತಜ್ಞರಿಗೆ ತೋರಿಸಬಹುದು. ಬೇಸಿಗೆಯಲ್ಲಿ ಬಳ್ಳಾರಿಯಿಂದ ಬೇರೆ ಊರಿಗೆ ಬಸ್ಸಿನಲ್ಲಿ ಕೊಂಡೊಯ್ಯುವಾಗ ಬಿಸಿಲಿಗೆ ಮೇಣ ಕರಗದಂತೆ ಎಚ್ಚರ ವಹಿಸತಕ್ಕದ್ದು.